ಅಪಘಾತದ ಅನಂತರ ಮಗುವಿನ ಮನಸ್ಸು

ಬೇಸಿಗೆಯ ರಜೆ ಬಂತೆಂದರೆ ಮುಂಬಯಿ ಕನ್ನಡಿಗರ ಕಾರುಗಳು ಪುಣೆ, ಸಾತಾರಾ, ಕೊಲ್ಲಾಪುರಗಳನ್ನು ದಾಟಿ ಬೆಳಗಾವಿಯತ್ತ ಸಾಗುತ್ತವೆ. ದಾರಿಯಲ್ಲಿ ಅಪಘಾತವಾದರೆ ವಾಹನದ ಜಖಮನ್ನು ಅಳೆಯಲು ವಿಮಾ ಕಂಪನಿಯ ಸರ್ವೇಯರ್ ಬರುತ್ತಾನೆ. ಹಿಂದಿನ ಆಸನದ ಮಗುವಿನ ಎದೆಯ ನಡುಕವನ್ನು ಅರಿಯಬೇಕಾದವರು ತಂದೆತಾಯಿಗಳೇ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ; ತಜ್ಞರು ಒಪ್ಪಿದ ಕೆಲವು ಸಂಗತಿಗಳನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ದೇಹದ ವಿಚಾರ. ತಲೆಗೆ ಪೆಟ್ಟು ಬಿದ್ದ ಮಗು ಸುಮ್ಮನಿದ್ದರೆ ಅದನ್ನು ಶಾಂತಿಯೆಂದು ಭಾವಿಸಲಾಗದು. ಮತ್ತೆ ಮತ್ತೆ ವಾಂತಿ, ಅತಿಯಾದ ಮಂಪರು, ತೊದಲುಮಾತು, ಸೆಳವು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕುತ್ತಿಗೆ ನೋಯುತ್ತದೆಯೆಂದರೆ, ಬೆಂಕಿಯಂಥ ಅಪಾಯವಿಲ್ಲದಿರುವಾಗ, ಅಲುಗಿಸದೆ 112ಕ್ಕೆ ಕರೆಮಾಡಿ ಕಾಯುವುದು ಲೇಸು.

ಇನ್ನು ಮಾತು. "ಏನೂ ಆಗಿಲ್ಲ, ಅಳಬೇಡ" ಎಂದು ನಾವೆಲ್ಲರೂ ಸಹಜವಾಗಿ ಹೇಳಿಬಿಡುತ್ತೇವೆ. ಆದರೆ ಗಾಜು ಒಡೆದದ್ದನ್ನು, ತಂದೆಯ ಕೈ ನಡುಗುವುದನ್ನು ಮಗು ಕಣ್ಣಾರೆ ಕಂಡಿದೆ. ತಾನು ಕಂಡದ್ದನ್ನೇ ಹಿರಿಯರು ಅಲ್ಲಗಳೆದರೆ ಅದರ ಭಯ ಇಮ್ಮಡಿಯಾಗುತ್ತದೆ. ಅದರ ಎತ್ತರಕ್ಕೆ ಬಾಗಿ, ಕೈಹಿಡಿದು, "ನಮ್ಮ ಕಾರಿಗೆ ಲಾರಿ ತಾಗಿತು ಪುಟ್ಟಾ, ದೊಡ್ಡ ಸದ್ದಾಯಿತು. ಈಗ ಕಾರು ನಿಂತಿದೆ. ನಾನು ನಿನ್ನ ಜೊತೆಯಲ್ಲೇ ಇದ್ದೇನೆ" ಎಂದರೆ ಸಾಕು. ತಾಯಿಯನ್ನು ಆಂಬುಲೆನ್ಸಿನಲ್ಲಿ ಒಯ್ದಿದ್ದರೆ "ಈಗಲೇ ಬರುತ್ತಾಳೆ" ಎಂಬ ಹುಸಿಭರವಸೆ ಬೇಡ. "ಅಮ್ಮನ ಕಾಲಿಗೆ ಪೆಟ್ಟಾಗಿದೆ, ಡಾಕ್ಟರು ನೋಡುತ್ತಿದ್ದಾರೆ, ತಿಳಿದ ಕೂಡಲೇ ನಿನಗೆ ಹೇಳುತ್ತೇನೆ" ಎಂಬ ಮಾತನ್ನು ಮಗು ನಂಬುತ್ತದೆ.

ಹಿರಿಯರ ಊಹೆಗೆ ನಿಲುಕದ ಇನ್ನೊಂದು ಸಂಗತಿಯುಂಟು. ತಂಗಿಯೊಡನೆ ಜಗಳವಾಡಿದ್ದರಿಂದಲೇ, ಐಸ್‌ಕ್ರೀಮಿಗಾಗಿ ಹಟ ಹಿಡಿದದ್ದರಿಂದಲೇ ಅಪಘಾತವಾಯಿತೆಂದು ಮಗು ಒಳಗೊಳಗೇ ನಂಬಿರಬಹುದು. ಅದು ಕೇಳುವವರೆಗೆ ಕಾಯದೆ, "ಇದು ನಿನ್ನಿಂದ ಆದದ್ದಲ್ಲ" ಎಂದು ನಾವೇ ಹೇಳಬೇಕು. ಮಗು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಿದರೆ ಆಗ ಕನ್ನಡದ ಪಾಠ ಬೇಡ. ಯಾವ ಭಾಷೆಯಲ್ಲಾದರೂ ಸರಿ, ಮನಸ್ಸು ಹಗುರಾಗಲಿ.

ಪರಸ್ಥಳದಲ್ಲಿರುವ ನಮಗೆ ಮತ್ತೊಂದು ತೊಡಕು. ಸುದ್ದಿ ತಿಳಿದೊಡನೆ ಧಾರವಾಡದ ಅಜ್ಜಿ, ಉಡುಪಿಯ ಚಿಕ್ಕಪ್ಪ, ಪುಣೆಯ ಅತ್ತೆ ಎಲ್ಲರ ಫೋನೂ ಬರುತ್ತದೆ. "ಸ್ವಲ್ಪದರಲ್ಲಿ ಜೀವ ಉಳಿಯಿತು ನೋಡಿ" ಎಂಬ ಕಥನ ದಿನಕ್ಕೆ ಹತ್ತು ಬಾರಿ ಮಗುವಿನ ಕಿವಿಗೆ ಬೀಳುತ್ತದೆ. ಆ ಮಾತುಕತೆ ಬೇರೆ ಕೋಣೆಯಲ್ಲಿ ನಡೆಯಲಿ. ಅಂತೆಯೇ ಬಂದವರೆದುರು ಮಗುವಿನಿಂದ ವರದಿ ಒಪ್ಪಿಸಿಕೊಳ್ಳಬಾರದು; ತಾನಾಗಿ ಹೇಳಿದರೆ ತಾಳ್ಮೆಯಿಂದ ಕೇಳಬೇಕು. ಅಜ್ಜಿ ದೃಷ್ಟಿ ತೆಗೆಯುತ್ತೇನೆಂದರೆ ನನ್ನ ಆಕ್ಷೇಪವಿಲ್ಲ. ಪರಿಚಿತ ಕೈಯ ಸ್ಪರ್ಶವೂ ಒಂದು ಸಮಾಧಾನವೇ.

ಕೆಲವು ದಿನ ಕೆಟ್ಟ ಕನಸು, ಹಾಸಿಗೆ ಒದ್ದೆಯಾಗುವುದು, ತಾಯಿಯ ಸೆರಗು ಬಿಡದಿರುವುದು, ಆಟಿಕೆ ಕಾರುಗಳನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸುವುದು ಇವೆಲ್ಲ ಕಾಣಬಹುದು. ಗದರಿಸಬಾರದು. ಊಟ, ನಿದ್ರೆ, ಶಾಲೆ ಎಂದಿನ ವೇಳೆಗೆ ನಡೆಯಲಿ. ಕಾರನ್ನು ಕಂಡು ಹಿಂಜರಿದರೆ ಮೊದಲು ನಿಂತ ಕಾರಿನಲ್ಲಿ ಕುಳ್ಳಿರಿಸಿ, ಮರುದಿನ ಕಾಲೋನಿಯೊಳಗೆ ಒಂದು ಸುತ್ತು ಹಾಕಿಸಿ. ಬಹುತೇಕ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಭಯ ಇಳಿಯದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಅಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ.