ಚಕ್ರದ ಮೇಲಿನ ಮನೆ: ಮೊದಲು ಗಾಡಿ, ಆಮೇಲೆ ಮನೆ

ಕೊಲ್ಲಾರಿ ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದ ಕಾಲವನ್ನು ಉತ್ತರ ಕರ್ನಾಟಕದ ಹಿರಿಯರು ಇನ್ನೂ ಮರೆತಿಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಬಂಡಿಗಳು ಹೊರಡುತ್ತಿದ್ದವು. ಕಮಾನಿನ ಕೆಳಗೆ ಹಾಸಿಗೆ, ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿ, ಒಂದು ಕೊಡ ನೀರು. ಹಗಲು ಅದೇ ವಾಹನ, ರಾತ್ರಿ ಅದೇ ಮನೆ. ಅಂಥ ಬಂಡಿಯನ್ನು ಕೊಳ್ಳುವಾಗ ಮನೆಯ ಯಜಮಾನ ಕಮಾನಿನ ಅಂದಕ್ಕೆ ಮರುಳಾಗುತ್ತಿರಲಿಲ್ಲ. ಬಗ್ಗಿ ಅಚ್ಚು ನೋಡುತ್ತಿದ್ದ, ಗಾಲಿಯ ಹಳಿಯನ್ನು ಬಡಿದು ಸದ್ದು ಕೇಳುತ್ತಿದ್ದ.

ಇಂದು ಅದೇ ಆಸೆ ಹಳೆಯ ವ್ಯಾನಿನ ರೂಪದಲ್ಲಿ ಮರಳಿ ಬಂದಿದೆ. ಪರೀಕ್ಷೆ ಮುಗಿಸಿದ ಮಕ್ಕಳು ಮೊಬೈಲಿನಲ್ಲಿ ಮಂಚ, ಒಲೆ, ಪರದೆಗಳುಳ್ಳ ವ್ಯಾನುಗಳನ್ನು ಕಂಡು, 'ನಾವೂ ಒಂದು ಹಳೇ ಗಾಡಿ ಕೊಂಡರೆ ಹೇಗೆ?' ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮಧ್ಯಮ ವರ್ಗದ ಮನೆಯಲ್ಲಿ ಅದಕ್ಕೆ ತೊಡಗಿಸುವ ಹಣ ಮಗಳ ಕಾಲೇಜಿನ ಶುಲ್ಕವೂ ಆಗಿರಬಹುದು. ಆದ್ದರಿಂದ ಒಂದು ಮಾತನ್ನು ಮೊದಲೇ ಮನಗಾಣಬೇಕು: ಇದು ಮೊದಲು ಗಾಡಿ, ಆಮೇಲೆ ಮನೆ. ಹರಿದ ಪರದೆಯನ್ನು ಒಂದು ಸಂಜೆಯಲ್ಲಿ ಹೊಲಿಯಬಹುದು. ತುಕ್ಕು ತಿಂದ ಅಡಿಪಾಯವನ್ನಾಗಲಿ, ಕೆಟ್ಟ ಕಾಗದಪತ್ರವನ್ನಾಗಲಿ ಹೊಲಿದು ಸರಿಮಾಡಲು ಬರುವುದಿಲ್ಲ.

ಯಾವ ವ್ಯಾನು?

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತನ್ನ ಪೆಟ್ಟಿಗೆಯಾಕಾರದ ವ್ಯಾನನ್ನು ಹೊರತಂದ ಮರುವರ್ಷವೇ ಅದರೊಳಗೆ ಮಲಗುವ ಸೌಕರ್ಯ ಅಳವಡಿಸುವುದು ಆರಂಭವಾಯಿತು. ಅಮೆರಿಕದಲ್ಲಿ ಖಾಲಿ ವ್ಯಾನುಗಳನ್ನು ಕೊಂಡು ಒಳಾಂಗಣ ಕಟ್ಟಿ ಮಾರುವುದು ದೊಡ್ಡ ಉದ್ಯಮವೇ ಆಯಿತು. ನಮ್ಮಲ್ಲಿ ಹಳೆಯ ಗಾಡಿಗಳ ಸಂತೆಯಲ್ಲಿ ಸಿಗುವುದು ಬೇರೆ. ಒಂದು ಕಾಲದಲ್ಲಿ ಮದುವೆಯ ದಿಬ್ಬಣಕ್ಕೂ ತರಕಾರಿ ಸಾಗಿಸಲಿಕ್ಕೂ ಒದಗುತ್ತಿದ್ದ ಮೆಟಡಾರ್ ಈಗ ಅಪರೂಪ. ಅದನ್ನು ತಯಾರಿಸುತ್ತಿದ್ದ ಬಜಾಜ್ ಟೆಂಪೋ ಕಂಪನಿಯೇ (2005ರಿಂದ ಅದರ ಹೆಸರು ಫೋರ್ಸ್ ಮೋಟಾರ್ಸ್) ಟೆಂಪೋ ಟ್ರಾವೆಲರ್‌ನ್ನೂ ಹೊರತಂದಿತು. ಮಾರುತಿಯ ಪುಟ್ಟ ವ್ಯಾನು 1984ರಲ್ಲಿ ಬಂದು ಓಮ್ನಿ ಎಂಬ ಹೆಸರಿನಿಂದ ಮನೆಮಾತಾಯಿತು; 2019ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ಕಂಪನಿಯ ಈಕೋ 2010ರಲ್ಲೂ, ಟಾಟಾ ವಿಂಗರ್ 2007ರಲ್ಲೂ ರಸ್ತೆಗಿಳಿದವು.

ಇಬ್ಬರು ಒಂದೆರಡು ರಾತ್ರಿ ಮಲಗಲು ಓಮ್ನಿ ಅಥವಾ ಈಕೋ ಹೇಗೋ ಸಾಕು. ಆದರೆ ಒಳಗೆ ನಿಲ್ಲಲಾಗದು. ನಾಲ್ವರ ಕುಟುಂಬಕ್ಕೆ ಟ್ರಾವೆಲರ್ ಅಥವಾ ವಿಂಗರ್‌ನಂಥ ಗಾಡಿ ಬೇಕು. ಜೊತೆಗೆ ಅದರ ಡೀಸೆಲ್ ಖರ್ಚು, ಟೈರಿನ ಬೆಲೆ, ನಿಲ್ಲಿಸಲು ಜಾಗವೂ ಬೇಕು. ವಿಜಯಪುರದ ಹಳೆಯ ಪೇಟೆಯ ಓಣಿಗಳಲ್ಲಿ ಮನೆಯಿದ್ದವರು ಈ ಕೊನೆಯ ಮಾತನ್ನು ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಕಾಗದದ ಪರೀಕ್ಷೆ

ವಿಜಯಪುರಕ್ಕೆ ಸೊಲ್ಲಾಪುರ, ಸಾಂಗಲಿಗಳು ದೂರವಲ್ಲ. ಹೀಗಾಗಿ ಎಂಎಚ್-13, ಎಂಎಚ್-10 ಫಲಕದ ಗಾಡಿಗಳೂ ಮಾರಾಟಕ್ಕೆ ಕಣ್ಣಿಗೆ ಬೀಳುತ್ತವೆ. ಬೆಲೆ ಕಡಿಮೆಯೆಂದು ಹಿಗ್ಗುವ ಮೊದಲು ಲೆಕ್ಕ ಹಾಕಿ ನೋಡಬೇಕು. ಅಂಥ ಗಾಡಿಗೆ ಅಲ್ಲಿನ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಕೆಎ-28 ಸಂಖ್ಯೆ ಪಡೆಯಬೇಕು. ಈ ಖರ್ಚು ಸೇರಿದ ಮೇಲೆ ಅಗ್ಗದ ಗಾಡಿ ಅಗ್ಗವಾಗಿಯೇ ಉಳಿದೀತೇ?

ಖಾಸಗಿ ಗಾಡಿಯ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳದಿ ಫಲಕದ ಬಾಡಿಗೆ ಗಾಡಿಗೆ ಅರ್ಹತಾ ಪತ್ರ, ಪರ್ಮಿಟ್ಟುಗಳ ಬೇರೆಯೇ ನಿಯಮವಿದೆ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಋಣ ತೀರಿದ ದಾಖಲೆ ಬೇಕು. ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೇ ನಮೂನೆಗಳಿವೆ. ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ತಿಕ್ಕಿದರೆ ಅಚ್ಚು ಮೂಡುತ್ತದೆ. ಅದು ನೋಂದಣಿ ಪತ್ರದೊಂದಿಗೆ ಅಕ್ಷರಶಃ ಹೊಂದಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಾರ್ಪಾಡಿನ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ನಿಯಮ ಮೀರಿದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಸೀಟು ಕಿತ್ತು ಮಂಚ ಜಡಿದ, ಛಾವಣಿ ಕೊಯ್ದು ಎತ್ತರಿಸಿದ ಗಾಡಿಯನ್ನು ಯಾರಾದರೂ ತೋರಿಸಿದರೆ ಕೇಳಬೇಕಾದುದು ಒಂದೇ: 'ಇದೆಲ್ಲ ನೋಂದಣಿ ಪತ್ರದಲ್ಲಿ ನಮೂದಾಗಿದೆಯೇ?' ಆಗಿಲ್ಲವಾದರೆ, ಎಷ್ಟೇ ಚೆಂದವಿರಲಿ, ಬಿಟ್ಟುಬಿಡುವುದೇ ಲೇಸು. ಮಡಚಿ ಹೊರಗೆತ್ತಬಹುದಾದ ಹಾಸಿಗೆ, ಪೆಟ್ಟಿಗೆಗಳಿಂದ ಕೆಲಸ ಸಾಗುವುದಾದರೆ ಅದಕ್ಕಿಂತ ಸುಲಭದ ದಾರಿಯಿಲ್ಲ. ಅದಕ್ಕೂ ಮೀರಿದ ಕೆಲಸವಿದ್ದರೆ ಬಡಗಿಗಿಂತ ಮೊದಲು ಸಾರಿಗೆ ಕಚೇರಿಯನ್ನು ಕಾಣಬೇಕು.

ತಿಕೋಟಾಕ್ಕೆ ಒಂದು ಸುತ್ತು

ಮಾರುವವರ ಅಂಗಳದಲ್ಲಿ ಹತ್ತು ನಿಮಿಷ ಓಡಿಸಿ ನೋಡಿದರೆ ಏನೂ ತಿಳಿಯದು. ವಿಜಯಪುರದಿಂದ ತೊರವಿ ದಾಟಿ ತಿಕೋಟಾಕ್ಕೆ, ಅಲ್ಲಿಂದ ಒಳದಾರಿ ಹಿಡಿದು ಬಬಲೇಶ್ವರಕ್ಕೆ, ಮರಳಿ ಊರಿಗೆ. ಇಂಥ ಒಂದು ಸುತ್ತು ಗಾಡಿಯ ಗುಣವನ್ನೆಲ್ಲ ಬಯಲು ಮಾಡುತ್ತದೆ. ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ಕೊಡುವ ದಿನಗೂಲಿ ದಂಡವಲ್ಲ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯ ಪಡಬೇಕು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿಹೊಗೆ ನಿಲ್ಲದಿದ್ದರೆ ತಂಪಿನ ನೀರು ಒಳಗೆ ಸೋರುತ್ತಿರಬಹುದು. ಎಣ್ಣೆಯ ಮುಚ್ಚಳದಡಿ ಮಜ್ಜಿಗೆಯಂಥ ಪದರ ಕಂಡರೂ ಅದೇ ಸಂಶಯ.

ತಿಕೋಟಾದ ದ್ರಾಕ್ಷಿ ತೋಟಗಳ ನಡುವೆ ಮಧ್ಯಾಹ್ನದ ಬಿಸಿಲಿನಲ್ಲಿ ಸಾಗುವಾಗ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ರೇಡಿಯೇಟರ್ ಗಟ್ಟಿಯಿರಬೇಕು. ಗಡಸು ಬೋರ್‌ವೆಲ್ ನೀರು ಸುರಿದು ಓಡಿಸಿದ ಗಾಡಿಯ ರೇಡಿಯೇಟರಿನಲ್ಲಿ ಸುಣ್ಣದ ಕಿಟ್ಟ ಕಟ್ಟಿರುತ್ತದೆ. ಬಬಲೇಶ್ವರದ ಒಳದಾರಿಯ ತಗ್ಗುಗಳಲ್ಲಿ ಕಿವಿಗೆ ಕೆಲಸ: ಕೆಳಗಿನಿಂದ ಗಡಗಡ ಸದ್ದು ಬಂದರೆ ಸಸ್ಪೆನ್ಶನ್ ಸವೆದಿದೆ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು.

ಮರಳಿ ಬಂದ ಮೇಲೆ ಮಕ್ಕಳ ಸರದಿ. ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಭಾಗ, ಚಕ್ರದ ಕಮಾನುಗಳ ಮೇಲೆ ಆಡಿಸಲಿ. ಅದು ಅಂಟದ ಕಡೆ ಉಕ್ಕಿನ ಬದಲು ಮೆತ್ತಿದ ಪುಟ್ಟಿಯಿದೆ. ಚಾಪೆ ಎತ್ತಿ ನೆಲ ನೋಡಲಿ. ಛಾವಣಿಯ ಮೇಲೆ ಎರಡು ಕೊಡ ನೀರು ಸುರಿದರೆ ಸೋರುವ ಜಾಗ ತಾನೇ ಹೇಳುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಲಿ: 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಮೀಟರಿನಲ್ಲಿ ಕಿಲೋಮೀಟರು ಕಡಿಮೆಯಿದ್ದು ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ನಂಬಬೇಕಾದುದು ಪೆಡಲನ್ನು.

ಮನೆಯ ಲೆಕ್ಕ

ಇಷ್ಟೆಲ್ಲ ದಾಟಿದ ಮೇಲೆ ಮನೆಯ ಮಾತು. ಇದು ಹೈಸ್ಕೂಲಿನ ವಿಜ್ಞಾನಕ್ಕೆ ಮೀರಿದ್ದಲ್ಲ. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವಾಟ್-ಅವರ್ ವಿದ್ಯುತ್ತಿರುತ್ತದೆ. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ, ಅಂದರೆ 600ನ್ನು ಮಾತ್ರ ಬಳಸಬೇಕು. 20 ವಾಟಿನ ಫ್ಯಾನು ಎಂಟು ತಾಸಿಗೆ 160, ಎರಡು ಪುಟ್ಟ ದೀಪಗಳಿಗೆ 40, ಮೊಬೈಲುಗಳಿಗೆ 40, ಒಟ್ಟು 240. ಎರಡು ರಾತ್ರಿ ನಿಶ್ಚಿಂತೆ. ಆದರೆ ಇದು ಎಂಜಿನ್ನಿನ ಬ್ಯಾಟರಿಯಲ್ಲ, ಬೇರೆಯದಿರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ತಳ್ಳುವ ಯೋಗ ತಪ್ಪದು.

ತೂಕವನ್ನೂ ಮರೆಯುವಂತಿಲ್ಲ. 60 ಲೀಟರು ನೀರೆಂದರೆ 60 ಕಿಲೋ. 18 ಮಿಲಿಮೀಟರ್ ದಪ್ಪದ ಒಂದು ಪೂರ್ಣ ಪ್ಲೈವುಡ್ ಹಲಗೆ ಸುಮಾರು 30 ಕಿಲೋ. ಹೀಗೆ ಸೇರಿಸುತ್ತ ಹೋದರೆ ಪುಟ್ಟ ವ್ಯಾನಿನ ಹೊರುವ ಶಕ್ತಿ ಜನ ಹತ್ತುವ ಮೊದಲೇ ತೀರಿರುತ್ತದೆ.

ಇನ್ನೊಂದು ಮಾತನ್ನು ತಂದೆತಾಯಿಗಳು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಬೇಕು. ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕಿಕೊಂಡು ಮಲಗಬಾರದು, ಮುಚ್ಚಿದ ವ್ಯಾನಿನಲ್ಲಿ ಒಲೆ, ಇದ್ದಿಲಿನ ಅಗ್ಗಿಷ್ಟಿಕೆ ಹಚ್ಚಬಾರದು. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಅಡುಗೆ ಅನಿಲವಾದರೂ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ, ಹಾಸಿಗೆಯ ಮಟ್ಟದಲ್ಲೇ ನಿಲ್ಲುತ್ತದೆ. ಅಡುಗೆ ಹೊರಗೇ ಆಗಲಿ. ಮಲಗುವಾಗ ಎದುರುಬದುರಿನ ಎರಡು ಕಿಟಕಿಗಳು ಬೆರಳಗಲವಾದರೂ ತೆರೆದಿರಲಿ. ಹಿಂದಿನ ಮಾಲೀಕರು ಒಳಗೇ ಒಲೆ ಕೂರಿಸಿದ್ದರೆ, ಅದು ಹೆಚ್ಚುವರಿ ಸೌಕರ್ಯವಲ್ಲ, ಕಳಚಬೇಕಾದ ಹೊರೆ.

ಕೊಳ್ಳುವ ಮೊದಲು ಅಂಥದೇ ಒಂದು ಗಾಡಿಯನ್ನು ಎರಡು ದಿನ ಬಾಡಿಗೆಗೆ ತಂದು, ಒಂದು ರಾತ್ರಿಯನ್ನಾದರೂ ಅದರಲ್ಲಿ ಕಳೆದು ನೋಡುವುದು ಜಾಣತನ. ಸೆಕೆ, ಸೊಳ್ಳೆ, ಬಚ್ಚಲಿನ ಚಿಂತೆ ಎಲ್ಲವೂ ಒಂದೇ ರಾತ್ರಿಯಲ್ಲಿ ಅರ್ಥವಾಗುತ್ತವೆ. ಆಗಲೂ ಆಸೆ ಉಳಿದಿದ್ದರೆ ಅದು ನಿಜವಾದ ಆಸೆ. ಅಯಸ್ಕಾಂತ ಅಂಟದೆ ಹೋಗಿ, ಕಾಗದ ಹೊಂದದೆ ಹೋಗಿ, ಅಪ್ಪ ಮಕ್ಕಳು ಗಾಡಿಯಿಲ್ಲದೆ ಬಸ್ಸಿನಲ್ಲೇ ಮನೆಗೆ ಮರಳಿದರೆ ಬೇಸರ ಪಡಬೇಕಿಲ್ಲ. ಶುಲ್ಕದ ಹಣ ಉಳಿದಿದೆ. ಮುಂದಿನ ಗಾಡಿ ನೋಡುವುದು ಹೇಗೆಂಬುದನ್ನು ಮಕ್ಕಳೂ ಕಲಿತಿದ್ದಾರೆ.