ದೋಣಿಗೆ ಜಾಲರಿ: ಮರ ನೋಡಿ ಆರಿಸಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸೂರಿನಂಚಿನ ದೋಣಿಗೆ ಎಲೆ ತಡೆಯುವ ಜಾಲರಿ ಹಾಕಿಸುವುದು ಗೋಡೆಯ ತೇವ ತಪ್ಪಿಸುವ ಸಣ್ಣ ರಿಪೇರಿಯಷ್ಟೇ ಅಲ್ಲ. ನಂದಿ ಸೀಮೆಯಲ್ಲಿ ಉತ್ತರ, ದಕ್ಷಿಣ ಪಿನಾಕಿನಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುದಿಸಿದರೆ ಅದು ಹೋಗುವಂಥದ್ದಲ್ಲ. ಮಳೆನೀರಿಗೆ ಆ ಕಾಟವಿಲ್ಲ. ನೂರು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ 70 ಸಾವಿರ ಲೀಟರ್. ಐದರಲ್ಲೊಂದು ಪಾಲು ಕಳೆದರೂ 56 ಸಾವಿರ ಉಳಿಯುತ್ತದೆ. ಇದನ್ನು ಕೆಡಿಸುವುದು ತೊಟ್ಟಿಯಲ್ಲಿ ಕೊಳೆಯುವ ಎಲೆ.

ಜಾಲರಿಯನ್ನು ಅಂಗಡಿಯವನ ಮಾತು ಕೇಳಿ ಅಲ್ಲ, ಮನೆ ಪಕ್ಕದ ಮರ ನೋಡಿ ಆರಿಸಬೇಕು. ಹೊಂಗೆ, ಮಾವಿನ ಎಲೆಗೆ ಅಗಲ ಕಣ್ಣಿನ ಪ್ಲಾಸ್ಟಿಕ್ ಬಲೆ ಸಾಕು. (ಬಯಲುಸೀಮೆಯ ಬಿಸಿಲಿಗೆ ಅದು ಬೇಗ ಪುಡಿಯಾಗುತ್ತದೆ, ಆ ಮಾತು ಬೇರೆ.) ಹುಣಿಸೆಯ ಪುಟ್ಟ ಎಲೆ, ಬೇವಿನ ಹೂವು ಅದರಲ್ಲಿ ಸಲೀಸಾಗಿ ನುಸುಳುತ್ತವೆ, ಅಲ್ಲಿ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯೇ ಬೇಕು. ಅದನ್ನೂ ಸಮತಟ್ಟಾಗಿ ಹಾಸಿದರೆ ಧೂಳು ಕಟ್ಟಿ, ಜೋರು ಮಳೆಯ ನೀರೆಲ್ಲ ಹೊರಚೆಲ್ಲುತ್ತದೆ. ಎಲೆ ಜಾರಿ ಬೀಳುವಂತೆ ಓರೆಯಾಗಿ ಕೂರಿಸಬೇಕು. ದೋಣಿಯಿಲ್ಲದ ಆರ್‌ಸಿಸಿ ತಾರಸಿಗೆ ಕೊಳವೆಯ ಬಾಯಲ್ಲಿ ಗುಮ್ಮಟದಾಕಾರದ ಜಾಲರಿ ಲೇಸು. ಚಪ್ಪಟೆಯದನ್ನು ಒಂದೆರಡು ಎಲೆಗಳೇ ಮುಚ್ಚಿಬಿಡುತ್ತವೆ.

ನಿರ್ವಹಣೆಯೇ ಬೇಡವೆನ್ನುವ ಜಾಹೀರಾತನ್ನು ನಂಬಬೇಕಿಲ್ಲ. ಕೈಯಲ್ಲಿ ಬಿಚ್ಚಲು ಬರುವಂಥದ್ದನ್ನೇ ಕೊಳ್ಳಿ. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರಿಗೆ ಮುನ್ನ ಮತ್ತೊಮ್ಮೆ ತೊಳೆಯಬೇಕು. ಹಕ್ಕಿಯ ಹಿಕ್ಕೆಯನ್ನಂತೂ ಯಾವ ಜಾಲರಿಯೂ ತಡೆಯದು. ಆದ್ದರಿಂದ ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಆಮೇಲಿನ ನೀರನ್ನು ಸೋಸಿ, ಕುದಿಸಿ ಕುಡಿಯಬೇಕು.