ಬೆಳಗಿನ ಮೊದಲ ಗಂಟೆ ಯಾರದು?

ಬೆಳಿಗ್ಗೆ ಕಣ್ಣು ತೆರೆದೊಡನೆ ಎರಡೂ ಅಂಗೈಗಳನ್ನು ಜೋಡಿಸಿ ನೋಡಿಕೊಳ್ಳುವುದು ನಮ್ಮ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಾಡಿಕೆ. ಅಂಗೈಯಲ್ಲಿ ಲಕ್ಷ್ಮಿಯೂ ಸರಸ್ವತಿಯೂ ನೆಲೆಸಿರುತ್ತಾರೆಂಬುದು ಅದರ ಹಿಂದಿನ ನಂಬಿಕೆ. ಈಗಲೂ ನಾವು ಎದ್ದೊಡನೆ ಅಂಗೈಯನ್ನೇ ನೋಡುತ್ತೇವೆ. ಆದರೆ ಅಲ್ಲೀಗ ಮೊಬೈಲ್ ಇರುತ್ತದೆ. ಅದರ ಪರದೆಯ ಮೇಲೆ ಹಿಂದಿನ ರಾತ್ರಿ ಹನ್ನೊಂದರ ನಂತರ ಮೇಲಧಿಕಾರಿ ಕಳುಹಿಸಿದ ಸಂದೇಶವಿರುತ್ತದೆ. ಹಲ್ಲುಜ್ಜುವ ಮೊದಲೇ ಕಚೇರಿ ಮನೆಯೊಳಗೆ ಬಂದು ಕುಳಿತಿರುತ್ತದೆ.

ಒತ್ತಡದ ದಿನವನ್ನು ಸಮಚಿತ್ತದಿಂದ ಎದುರಿಸುವುದು ಹೇಗೆ ಎಂಬ ಬಗ್ಗೆ ಉಪದೇಶಗಳಿಗೆ ಬರವಿಲ್ಲ. ಬೇಗ ಏಳಿ, ಧ್ಯಾನ ಮಾಡಿ, ವಾಯುವಿಹಾರಕ್ಕೆ ಹೋಗಿ ಎಂದು ಹೇಳುವವರು ಎಲ್ಲೆಡೆ ಸಿಗುತ್ತಾರೆ. ಈ ಮಾತುಗಳು ಸುಳ್ಳಲ್ಲ. ಆದರೆ ಬೆಳಗಿನ ಹೊತ್ತು ನಮ್ಮ ಕೈಯಲ್ಲಿದೆ ಎಂದು ಮೊದಲೇ ನಂಬಿಕೊಂಡು ಆಡಿದ ಮಾತುಗಳು ಅವು. ಆ ಹೊತ್ತು ನಿಜಕ್ಕೂ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳದೆ ಹೋದರೆ ನೆಮ್ಮದಿಯ ಚರ್ಚೆ ಅಪೂರ್ಣವಾಗಿಯೇ ಉಳಿಯುತ್ತದೆ.

ಮೊದಲು ದೇಹದ ಮಾತು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಎಚ್ಚರವಾದ ನಂತರದ 30ರಿಂದ 45 ನಿಮಿಷಗಳಲ್ಲಿ ಅದರ ಪ್ರಮಾಣ ಬಹುಪಾಲು ಜನರಲ್ಲಿ ಸುಮಾರು ಅರ್ಧದಷ್ಟು ಹೆಚ್ಚಿ, ಬಳಿಕ ದಿನವಿಡೀ ಇಳಿಯುತ್ತ ಹೋಗುತ್ತದೆ. ಮುಂದಿರುವ ದಿನಕ್ಕೆ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ರಜೆಯ ದಿನಕ್ಕಿಂತ ಕೆಲಸದ ದಿನ ಈ ಏರಿಕೆ ಹೆಚ್ಚಿರುತ್ತದೆಂಬುದು ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು ದಶಕಗಳ ಕಾಲ ಗಮನಿಸಿದ ‘ವೈಟ್‌ಹಾಲ್’ ಅಧ್ಯಯನದಲ್ಲಿ ಕಂಡುಬಂದಿದೆ. ಆದ್ದರಿಂದ ಸೋಮವಾರ ಮುಂಜಾನೆಯ ಕಳವಳವನ್ನು ಮನೋದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ದೇಹದ ಪಾಲೂ ಇದೆ. ದೇಹ ತಾನಾಗಿಯೇ ಅಣಿಯಾಗುತ್ತಿರುವ ಆ ಅರ್ಧ ಗಂಟೆಯಲ್ಲಿ ಹತ್ತು ಇ-ಮೇಲ್‌ಗಳನ್ನೂ ನಾಲ್ಕು ದುರ್ವಾರ್ತೆಗಳನ್ನೂ ಅದರ ಮೇಲೆ ಹೇರುವುದೆಂದರೆ ಉರಿಯುವ ಒಲೆಗೆ ಮತ್ತಷ್ಟು ಸೌದೆ ತುರುಕಿದಂತೆ.

ಇದಕ್ಕೆ ಕೈಗೆಟುಕುವ ಉಪಶಮನವೆಂದರೆ ಉಸಿರು. ಇಟಲಿಯ ವೈದ್ಯವಿಜ್ಞಾನಿ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಉಲ್ಲೇಖನೀಯ. ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಪೂರ್ವದೇಶದ ಒಂದು ಮಂತ್ರವನ್ನೂ ಪಠಿಸುವವರನ್ನು ಅವರು ಪರೀಕ್ಷಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಸ್ಪಂದಿಸುವ ಬಗೆ ಸುಧಾರಿಸಿತ್ತು. ಪ್ರಾರ್ಥನೆ ಯಾವ ಧರ್ಮದ್ದೇ ಆಗಿರಲಿ, ಕೆಲಸ ಮಾಡಿದ್ದು ಅದರ ಲಯ. ಐದು ಸೆಕೆಂಡು ಒಳಗೆಳೆದುಕೊಂಡು ಐದು ಸೆಕೆಂಡು ಹೊರಬಿಟ್ಟರೆ ನಿಮಿಷಕ್ಕೆ ಆರು ಉಸಿರಾಯಿತು. ಇದಕ್ಕೆ ಚಾಪೆಯೂ ಬೇಡ, ಗುರುವೂ ಬೇಡ, ಶುಲ್ಕವಂತೂ ಬೇಡವೇ ಬೇಡ.

ಉಸಿರಿನಷ್ಟೇ ಮುಖ್ಯವಾದದ್ದು ಮನಸ್ಸಿನ ತಯಾರಿ. ಕ್ರಿ.ಶ. 2ನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯವನ್ನಾಳಿದ ಮಾರ್ಕಸ್ ಆರೇಲಿಯಸ್ ತನಗಾಗಿ ಬರೆದುಕೊಂಡ ಟಿಪ್ಪಣಿಗಳ ಎರಡನೆಯ ಭಾಗ ಬೆಳಗಿನ ಒಂದು ಸಂಕಲ್ಪದಿಂದಲೇ ಆರಂಭವಾಗುತ್ತದೆ. ಇಂದು ಕೃತಘ್ನರು, ಅಹಂಕಾರಿಗಳು, ಅಸೂಯಾಪರರು ಎದುರಾಗುತ್ತಾರೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಒಳಿತು ಕೆಡುಕಿನ ಅರಿವಿಲ್ಲದ ಅವರ ಮೇಲೆ ಸಿಟ್ಟಾಗಲಾರೆ ಎಂದೂ ನೆನಪಿಸಿಕೊಳ್ಳುತ್ತಾನೆ. ಚಕ್ರವರ್ತಿಗೂ ಸಭೆಗಳಿದ್ದವು, ತಲೆನೋವುಗಳಿದ್ದವು. ಎಲ್ಲವೂ ಸರಾಗವಾಗಿ ನಡೆಯಲಿ ಎಂದು ಹಾರೈಸುವುದಕ್ಕಿಂತ, ಯಾವುದು ಸರಾಗವಾಗಿ ನಡೆಯದು ಎಂಬುದನ್ನು ಮೊದಲೇ ಹೆಸರಿಸುವುದರಲ್ಲಿ ಹೆಚ್ಚು ವಿವೇಕವಿದೆ. ದಿನದ ಅತಿ ಕಠಿಣ ಕೆಲಸವೊಂದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಅದು ಹತ್ತು ಕೆಲಸಗಳ ವೇಷ ತೊಟ್ಟು ಹೆದರಿಸುವುದು ತಪ್ಪುತ್ತದೆ.

ಇಲ್ಲಿಯವರೆಗಿನದು ವ್ಯಕ್ತಿಯ ಪಾಲು. ಆದರೆ ಈ ಹತ್ತು ನಿಮಿಷವಾದರೂ ಎಲ್ಲರಿಗೂ ಸಿಗುತ್ತದೆಯೇ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಅದಕ್ಕಾಗಿ ವ್ಯಯಿಸುವುದು ಸರಾಸರಿ 289 ನಿಮಿಷ. ಹಾಗೆ ತೊಡಗುವ ಪುರುಷ ವ್ಯಯಿಸುವುದು 88 ನಿಮಿಷ. ಇದರ ದೊಡ್ಡ ಪಾಲು ಬೀಳುವುದು ಬೆಳಗಿನ ಮೇಲೆಯೇ. ತಿಂಡಿ, ಊಟದ ಡಬ್ಬಿ, ಮಕ್ಕಳ ಶಾಲಾ ವಾಹನ, ನಲ್ಲಿಯಲ್ಲಿ ನೀರು ಬರುವ ಹೊತ್ತು ಎಲ್ಲವೂ ಒಟ್ಟಿಗೇ ಕೂಗುತ್ತಿರುವಾಗ ಆಕೆಗೆ ‘ಅರ್ಧ ಗಂಟೆ ಬೇಗ ಎದ್ದು ಧ್ಯಾನ ಮಾಡಿ’ ಎನ್ನುವುದೆಂದರೆ ಇರುವ ಅಲ್ಪಸ್ವಲ್ಪ ನಿದ್ದೆಯನ್ನೂ ಕಸಿದಂತೆ. ಆ ಮನೆಗೆ ಬೇಕಾದದ್ದು ತರಕಾರಿ ಹೆಚ್ಚುವ ಇನ್ನೊಂದು ಕೈ. ಪತಿ ಪದ್ಮಾಸನದಲ್ಲಿ ಕುಳಿತು ಪಡೆಯುವ ಪ್ರಶಾಂತತೆಯ ಬೆಲೆಯನ್ನು ಅಡುಗೆಮನೆ ತೆರುತ್ತಿರಬಾರದು.

ಮನೆಯ ಹೊಸ್ತಿಲು ದಾಟಿದರೆ ರಸ್ತೆ. ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ಸೂಚ್ಯಂಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ದೂರ ಕ್ರಮಿಸಲು ಸರಾಸರಿ 28 ನಿಮಿಷ ಬೇಕಿತ್ತು. ದೂರಕ್ಕಿಂತ ಹೆಚ್ಚು ದಣಿಸುವುದು ಅನಿಶ್ಚಿತತೆ. ಇಂದು ಅರ್ಧ ಗಂಟೆಯ ದಾರಿ, ಮಳೆ ಬಿದ್ದ ನಾಳೆ ಒಂದೂವರೆ ಗಂಟೆಯಾಗಬಹುದು. ಕೆಲಸದ ಒತ್ತಡದ ಬಗ್ಗೆ ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಿಚಾರ ಇಲ್ಲಿಗೂ ಒಪ್ಪುತ್ತದೆ. ಕೆಲಸ ಹೆಚ್ಚಿರುವುದಷ್ಟೇ ಮನುಷ್ಯನನ್ನು ಬಳಲಿಸುವುದಿಲ್ಲ. ಹೆಚ್ಚಿನ ಕೆಲಸದ ಜೊತೆಗೆ ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಇಲ್ಲದಾಗ ಬಳಲಿಕೆ ಮಿತಿಮೀರುತ್ತದೆ. ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗಬಲ್ಲ ಅಧಿಕಾರಿಯ ಬೆಳಗು ಒಂದು ಬಗೆ. ಐದು ನಿಮಿಷ ತಡವಾದರೂ ಗೇಟಿನ ಬಳಿ ಉತ್ತರ ಕೊಡಬೇಕಾದ ಗಾರ್ಮೆಂಟ್ ಕಾರ್ಮಿಕಳ ಬೆಳಗು ಇನ್ನೊಂದು ಬಗೆ. ಇಬ್ಬರಿಗೂ ಒಂದೇ ಪ್ರಾಣಾಯಾಮವನ್ನು ಬೋಧಿಸಿ ಸುಮ್ಮನಾಗುವುದು ನ್ಯಾಯವಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಎನ್.ಆರ್. ನಾರಾಯಣಮೂರ್ತಿಯವರ 2023ರ ಹೇಳಿಕೆ ದೊಡ್ಡ ಚರ್ಚೆಯನ್ನೇ ಹುಟ್ಟುಹಾಕಿತು. ಅದಕ್ಕೆ ಎರಡು ವರ್ಷ ಮೊದಲೇ, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಜಂಟಿಯಾಗಿ ಒಂದು ಎಚ್ಚರಿಕೆ ನೀಡಿದ್ದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಹೆಚ್ಚು ಎಂಬುದೇ ಅದು. ದಿನದ ಕೊನೆಗೆ ಗಡಿಯಿಲ್ಲದಿದ್ದರೆ ಮರುದಿನದ ಆರಂಭಕ್ಕೂ ಗಡಿ ಇರುವುದಿಲ್ಲ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ ಜಾರಿಗೆ ಬಂದ ಕಾನೂನು, 50ಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯ ನಂತರದ ಸಂದೇಶಗಳ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂದು ವಿಧಿಸಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಆಶಯದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ.

ಕಾಯ್ದೆ ಬರುವವರೆಗೆ ಕಾಯಬೇಕಾದ ಅಗತ್ಯವೇನೂ ಇಲ್ಲ. ಈ ಪುಟವನ್ನು ಓದುವವರಲ್ಲಿ ಹಲವರು ಯಾರದೋ ಕೈಕೆಳಗಿನ ನೌಕರರು ಹೇಗೋ, ಹಾಗೆಯೇ ಯಾರಿಗೋ ಮೇಲಧಿಕಾರಿಗಳೂ ಹೌದು. ನಮ್ಮ ಬೆಳಗಿನ ನಿರಾಳತೆಗಾಗಿ ಆರೂವರೆಗೇ ಪಾತ್ರೆ ತೊಳೆಯಲು ಬರುವ ಮಹಿಳೆ ತನ್ನ ಮನೆಯನ್ನು ಬಿಟ್ಟು ಹೊರಟದ್ದು ಎಷ್ಟು ಗಂಟೆಗೆ ಎಂದು ವಿಚಾರಿಸಿದವರು ವಿರಳ. ಆಕೆ ಒಂದು ಗಂಟೆ ತಡವಾಗಿ ಬಂದರೆ ಮುಳುಗಿಹೋಗುವುದೇನೂ ಇರಲಾರದು. ಅಂತೆಯೇ, ರಾತ್ರಿ ಹನ್ನೊಂದಕ್ಕೆ ಹೊಳೆದ ವಿಚಾರವನ್ನು ಆಗಲೇ ಬರೆದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಅದನ್ನು ಕಳುಹಿಸುವುದು ಮಾತ್ರ ಬೆಳಿಗ್ಗೆ ಕಚೇರಿ ತೆರೆದ ಮೇಲಾಗಲಿ. ಅಷ್ಟರಲ್ಲಿ ಆ ಕಡೆಯವರು ಒಂದು ಲೋಟ ಕಾಫಿಯನ್ನಾದರೂ ನೆಮ್ಮದಿಯಿಂದ ಕುಡಿದು ಮುಗಿಸಿರುತ್ತಾರೆ.